ತೊಂಬತ್ತೊಂಬತ್ತನೇ ಟೋಕನ್

ಗುರುವಾರ ಸಂಜೆ ಏಳು ಗಂಟೆ ನಲವತ್ತೊಂದು ನಿಮಿಷಕ್ಕೆ ಬಾಲರಾಜು ತನ್ನದೇ ಮನೆಯ ಬಾಗಿಲಿಗೆ ಒರಗಿ ನಿಂತು, ಟೀವಿ ಡಾಕ್ಟರನ ಏಳನೆಯ ತಪ್ಪನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಒಳಗೆ ಕೂರಲು ಜಾಗವಿರಲಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಆ ಓಣಿಯಲ್ಲಿ ದೊಡ್ಡ ಟೀವಿ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ಹಾಗಾಗಿ ಅವನ ತಾಯಿ ಬೋರಮ್ಮ ಮಂಚದ ಮೇಲೆ, ಎದುರುಮನೆಯ ಶಿವಲಿಂಗಮ್ಮ ಕುರ್ಚಿಯ ಮೇಲೆ, ರೇಷ್ಮೆ ನೂಲು ತೆಗೆಯುವ ಕೆಲಸ ಮುಗಿಸಿ ಬಂದ ಜೈನಬ್ ಚಾಪೆಯ ಮೇಲೆ, ಹೆಂಡತಿ ಲತಾಮಣಿ ಅಡುಗೆಮನೆಯ ಹೊಸಲಿನ ಮೇಲೆ ವಿರಾಜಮಾನರಾಗಿದ್ದರು.

ಬಾಲರಾಜು ಬಿಎಸ್ಸಿ ಪದವೀಧರ. ಬಿಡದಿಯ ಒಂದು ಕಾರ್ಖಾನೆಯಲ್ಲಿ ತಗಡಿನ ಮೇಲಿನ ಬಣ್ಣ ಎಷ್ಟು ದಪ್ಪವಿದೆ ಎಂದು ಅಳೆಯುವುದು ಅವನ ಕೆಲಸ. (ಕೂದಲಿಗಿಂತ ತೆಳುವಾದದ್ದನ್ನು ದಿನವಿಡೀ ಅಳೆಯುವವನಿಗೆ ಮನೆಯವರ ಮಾತು ಯಾವಾಗಲೂ ಒಂದಿಷ್ಟು ದಪ್ಪವಾಗಿಯೇ ಕಾಣುತ್ತದೆ.)

"ನೋಡಿ, ಕೈಗವಸು ಹಾಕಿಕೊಂಡು ಬಾಗಿಲ ಹಿಡಿ ಮುಟ್ಟಿದ. ಇದು ಏಳನೇದು," ಎಂದ.

"ರೀ, ನೀವು ಸುಮ್ಮನಿದ್ರೆ ನಮಗೂ ಆಪರೇಷನ್ ಕಾಣತ್ತೆ," ಎಂದಳು ಲತಾಮಣಿ.

ಆ ಸಂಜೆಯ ಕಂತಿನಲ್ಲಿ ಡಾಕ್ಟರ್ ಸುದರ್ಶನ ಬೆಳಿಗ್ಗೆ ಹೆಂಡತಿಯೊಡನೆ ಮಹಾಯುದ್ಧ ಮಾಡಿಕೊಂಡು, ತಿಂಡಿಯನ್ನೂ ತಿನ್ನದೆ ಆಸ್ಪತ್ರೆಗೆ ಬಂದು, ನಡುಗುವ ಕೈಯಲ್ಲೇ ಒಬ್ಬ ಮುದುಕಿಯ ಕಣ್ಣಿನ ಪೊರೆ ತೆಗೆದ. ಪಟ್ಟಿ ಬಿಚ್ಚಿದಾಗ ಮುದುಕಿ, "ಮಗಾ, ದೀಪ ಯಾಕೆ ಹಚ್ಚಿಲ್ಲ?" ಎಂದು ಕೇಳಿದಳು. ದೀಪ ಉರಿಯುತ್ತಿತ್ತು. ಪಿಟೀಲು ಅತ್ತಿತು. ಜೈನಬ್ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶಿವಲಿಂಗಮ್ಮ ಡಾಕ್ಟರನ ಮನೆತನವನ್ನೆಲ್ಲ ಬೈದಳು.

ಬೋರಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಟೀವಿ ಆರಿಸಿದ ಮೇಲೆ ಮೆಲ್ಲಗೆ ಹೇಳಿದಳು: "ಲೇ ಬಾಲ, ನಾಳೀಕೆ ನಾನು ಬರಾಕಿಲ್ಲ ಕಣ್ಲಾ."

ಬೆಳಗಾದರೆ ಊರಿನಲ್ಲಿ ಕಣ್ಣಿನ ಶಿಬಿರ. ಬೋರಮ್ಮನ ಬಲಗಣ್ಣಿಗೆ ಪೂರ್ತಿ ಪೊರೆ ಬಂದಿತ್ತು, ಎಡಗಣ್ಣಿಗೆ ಅರ್ಧ. ಹೋದ ತಿಂಗಳು ಬಿಸಿ ಪಾತ್ರೆಯೆಂದು ತಿಳಿಯದೆ ಕೈ ಇಟ್ಟು ಬೊಬ್ಬೆ ಎಬ್ಬಿಸಿಕೊಂಡಿದ್ದಳು. ಆಪರೇಷನ್‌ಗೆ ಅವಳನ್ನು ಒಪ್ಪಿಸಲು ಬಾಲರಾಜುವಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಈಗ ಅರ್ಧ ಗಂಟೆಯ ಧಾರಾವಾಹಿ ಎಲ್ಲವನ್ನೂ ತೊಳೆದುಹಾಕಿತ್ತು.

"ಅವ್ವ, ಅದು ನಾಟಕ. ನಿಜವಾದ ಲೆಕ್ಕ ಹೇಳ್ತೀನಿ ಕೇಳು," ಎಂದು ಅವನು ಗಂಟಲು ಸರಿಮಾಡಿಕೊಂಡ. (ಇಲ್ಲಿಗೆ ನಿಲ್ಲಿಸಬಹುದಿತ್ತು.) "ಈ ಆಪರೇಷನ್ ನೂರಕ್ಕೆ ತೊಂಬತ್ತೆಂಟು ಜನಕ್ಕೆ ಸರಿಹೋಗತ್ತೆ."

ಬೋರಮ್ಮ ಯೋಚಿಸಿದಳು. ಸೊಂಟದ ಎಲೆಅಡಿಕೆ ಚೀಲದಿಂದ ಶಿಬಿರದ ಟೋಕನ್ ತೆಗೆದು ಮುಂದೆ ಹಿಡಿದಳು. "ಇದ್ರಾಗೆ ಎಷ್ಟು ಐತೆ, ಓದು."

ಬಾಲರಾಜು ಓದಿದ. ಮತ್ತೊಮ್ಮೆ ಓದಿದ. ತೊಂಬತ್ತೊಂಬತ್ತು.

"ತೊಂಬತ್ತೆಂಟು ಜನಕ್ಕೆ ಸರಿಹೋಯ್ತದೆ. ಆಮ್ಯಾಕೆ ನಾನು," ಎಂದಳು ಬೋರಮ್ಮ.

"ಹಂಗಲ್ಲ ಅವ್ವ, ಅದು ಸಂಭವನೀಯತೆ..."

"ನಿಮ್ಮ ಬಾಯಿಗೇ ಒಂದು ಹೊಲಿಗೆ ಹಾಕಿಸ್ಬೇಕು," ಎಂದಳು ಲತಾಮಣಿ. "ಎಲ್ಲರಿಗೂ ಸರಿಹೋಗತ್ತೆ ಅಂದಿದ್ರೆ ನಾಲಗೆ ಸವೀತಿತ್ತಾ?"

"ಎಲ್ಲರಿಗೂ ಅನ್ನೋದು ನಿಜವಲ್ಲ ಕಣೆ."

"ನಿಜ ಹೇಳಿ ಏನು ಸಾಧಿಸಿದ್ರಿ?"

ಬಾಯಿಬಡುಕ ಬುದ್ಧಿಯಿಂದ ತಾಯಿಯ ಕಣ್ಣನ್ನೇ ಕಳೆದೆನಲ್ಲ ಎಂದು ಅವನು ತಲೆ ತಗ್ಗಿಸಿದ. ಕೊನೆಗೆ ದಾರಿ ತೋರಿಸಿದವಳು ಜೈನಬ್.

"ಬೋರಮ್ಮಕ್ಕ, ಒಸಿ ನೋಡು. ಆ ಡಾಕ್ಟ್ರು ಕೈ ಯಾಕೆ ನಡುಗ್ತು? ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದಿದ್ದ. ಮನಸ್ಸು ಕೆಟ್ಟಿತ್ತು. ನಾನೇ ನಮ್ಮನೆಯವ್ರ ಜೊತೆ ಜಗಳ ಆಡಿದ ದಿನ ಎಳೆ ಹತ್ತು ಸಲ ಕಿತ್ಕೋತದೆ. ನಾಳೆ ಶಿಬಿರದ ಡಾಕ್ಟ್ರು ಜಗಳ ಆಡದೆ ಬಂದಿದ್ರೆ ಏನೂ ಆಗಾಕಿಲ್ಲ."

ಏಳು ತಪ್ಪು ಹಿಡಿದ ಬಾಲರಾಜುವಿಗೆ ಹೊಳೆಯದ ಎಂಟನೆಯ ತಪ್ಪು ಅದು. ಓಣಿಗೆ ಓಣಿಯೇ ಹೌದೆಂದಿತು. ಬೋರಮ್ಮನ ಮುಖ ಬೆಳಗಿತು. "ಹಂಗಾರೆ ಬತ್ತೀನಿ. ಆದ್ರೆ ಡಾಕ್ಟ್ರನ್ನ ನೀನೇ ಕೇಳ್ಬೇಕು, ನನ್ ಮುಂದೇನೇ."

ಮಾರನೆಯ ದಿನ ಹತ್ತೂಕಾಲಿಗೆ ಶಿಬಿರದಲ್ಲಿ, ಸಾಲಾಗಿ ಕುಳಿತಿದ್ದ ಹಿರಿಯರು, ಇಬ್ಬರು ನರ್ಸುಗಳು, ಮತ್ತು ಅದೇ ಕಾರ್ಖಾನೆಯಲ್ಲಿ ಅವನಿಗಿಂತ ಮೇಲಿನ ಹುದ್ದೆಯಲ್ಲಿದ್ದ ಸಮದ್ ಸಾಹೇಬರ (ಅವರೂ ತಾಯಿಯನ್ನು ಕರೆತಂದಿದ್ದರು) ಎದುರಿಗೆ, ಬಾಲರಾಜು ಡಾಕ್ಟರಿಗೆ ಕೈಮುಗಿದು ನಿಂತ.

"ಸರ್, ತಪ್ಪು ತಿಳ್ಕೋಬೇಡಿ. ಇವತ್ತು ಬೆಳಿಗ್ಗೆ ಮನೆಯಲ್ಲಿ... ಅಮ್ಮಾವ್ರ ಜೊತೆ... ಏನಾದ್ರೂ ಜಗಳ?"

ಸಾಲು ಪೂರ್ತಿ ಇತ್ತ ತಿರುಗಿತು. ಸಮದ್ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಡಾಕ್ಟರು ಬಾಲರಾಜುವನ್ನು ನೋಡಿದರು, ಆಮೇಲೆ ಬೋರಮ್ಮನನ್ನು ನೋಡಿದರು.

"ನಿನ್ನೆ ನೀವೂ ಆ ಧಾರಾವಾಹಿ ನೋಡಿದ್ರಾ? ಬೆಳಿಗ್ಗೆಯಿಂದ ನೀವು ಒಂಬತ್ತನೆಯವರು," ಎಂದರು. "ಜಗಳ ಆಗಿಲ್ಲ ತಾಯಿ. ಅವರು ತವರಿಗೆ ಹೋಗಿ ನಾಲ್ಕು ದಿನ ಆಯ್ತು."

"ಹಂಗಾರೆ ಕೈ ನಿರುಮ್ಮಳವಾಗಿರ್ತದೆ," ಎಂದು ಬೋರಮ್ಮ ತಾನೇ ಮುಂದಾಗಿ ಒಳಗೆ ನಡೆದಳು.

ಆಪರೇಷನ್ ಸರಾಗವಾಗಿ ಮುಗಿಯಿತು. ಪಟ್ಟಿ ಬಿಚ್ಚಿದ ಮೇಲೆ ವೈದ್ಯರು "ಚೆನ್ನಾಗಿದೆ" ಎಂದರು. ಆದರೆ ಚೆನ್ನಾಗಿದೆ ಎಂಬುದು ಅಳತೆಯಲ್ಲವಲ್ಲ. ಭಾನುವಾರ ಬಾಲರಾಜು ಮನೆಯಲ್ಲೇ ವೈಜ್ಞಾನಿಕ ಪರೀಕ್ಷೆ ಏರ್ಪಡಿಸಿದ. ಬೋರಮ್ಮನಿಗೆ ಅಕ್ಷರ ಬಾರದು. ಗೂಡಿನ ತೂಕದ ಚೀಟಿ ನೋಡಿ ನೋಡಿ ಅಂಕಿ ಬರುತ್ತದೆ. ಕಾಗದ ಪೋಲು ಮಾಡುವವನಲ್ಲದ ಅವನು ಟ್ರಂಕಿನ ತಳದಿಂದ ಒಂದು ಹಳೆಯ ಜೆರಾಕ್ಸ್ ಹಾಳೆ ಎಳೆದು, ಅದರ ಖಾಲಿ ಬೆನ್ನಿನ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಂತೆ ಅಂಕಿಗಳನ್ನು ಬರೆದ. ಹಾಳೆ ಹಿಡಿಯಲು ಶಿವಲಿಂಗಮ್ಮನನ್ನು ನಿಲ್ಲಿಸಿ, ದೂರವನ್ನು ಟೇಪಿನಲ್ಲಿ ಅಳೆದ.

ಬೋರಮ್ಮ ಕೊನೆಯ ಸಾಲಿನವರೆಗೆ ಒಂದೂ ತಪ್ಪದೆ ಓದಿದಳು. ಬಾಲರಾಜುವಿನ ಕಣ್ಣು ಒದ್ದೆಯಾಯಿತು. ಅದನ್ನು ಮರೆಮಾಡಲು ಅವನು ಟೇಪು ಸುತ್ತುತ್ತ ಗೋಡೆಯ ಕಡೆ ತಿರುಗಿದ.

"ಇದ್ರ ಆ ಕಡೀಕೂ ನಂಬರ್ ಅವೆ, ಇನ್ನೂ ಸಣ್ಣವು. ಓದು ಬೋರಮ್ಮ, ನೋಡೇಬುಡಾನ," ಎಂದು ಶಿವಲಿಂಗಮ್ಮ ಹಾಳೆ ಮಗುಚಿದಳು.

"ನಲವತ್ತೆರಡು," ಎಂದಳು ಬೋರಮ್ಮ, ಹುರುಪಿನಿಂದ. "ಐವತ್ತೊಂದು. ನಲವತ್ತೆಂಟು."

ಬಾಲರಾಜು ಟೇಪು ಬಿಸಾಕಿ ಓಡಿ ಬರುವಷ್ಟರಲ್ಲಿ ಹಾಳೆ ಲತಾಮಣಿಯ ಕೈಯಲ್ಲಿತ್ತು. ಅವಳು ಮೇಲಿನ ವಿಶ್ವವಿದ್ಯಾಲಯದ ಮುದ್ರೆ ನೋಡಿದಳು, ಗಂಡನ ಹೆಸರು ನೋಡಿದಳು, ಮೂರು ವಿಷಯಗಳ ಅಂಕಗಳನ್ನು ತುಟಿ ಅಲ್ಲಾಡಿಸುತ್ತ ಕೂಡಿ ಮೂರರಿಂದ ಭಾಗಿಸಿದಳು.

"ನಲವತ್ತೇಳು," ಎಂದಳು. "ರೀ, ನನ್ನ ನೋಡೋಕೆ ದೊಡ್ಡಮಳೂರಿಗೆ ಬಂದ ದಿನ, ಬಿಎಸ್ಸೀಲಿ ಎಷ್ಟು ತೆಗ್ದಿದ್ದೀಯಪ್ಪ ಅಂತ ನಮ್ಮಪ್ಪ ಕೇಳಿದ್ರಲ್ಲ. ಇಡೀ ಪಡಸಾಲೆಗೆ ಕೇಳೋ ಹಾಗೆ ಏನು ಹೇಳಿದ್ರಿ?"

ಬೋರಮ್ಮ ಹೊಸ ಕಣ್ಣನ್ನು ಅಗಲಿಸಿ ಮಗನ ಮುಖವನ್ನೇ ನೋಡುತ್ತಿದ್ದಳು. ಬಾಲರಾಜು ನೆಲ ನೋಡಿದ. ಅವತ್ತು ಯಾರಿಗೂ ಅನುಮಾನ ಬಾರದಿರಲೆಂದು ದಶಾಂಶವನ್ನೂ ಸೇರಿಸಿ ಹೇಳಿದ್ದ: ಎಂಬತ್ತಮೂರು ಪಾಯಿಂಟ್ ನಾಲ್ಕು.