ವಿಮಾನ ಹತ್ತದ ಮಾವನ ಕಸರತ್ತು

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಜಗಳೂರಿನಲ್ಲಿ, ಅಂಥದೊಂದು ಬಸ್ಸಿನ ಕೊನೆಯ ಮೆಟ್ಟಿಲ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ ನಾನು ನಿಂತಿದ್ದೆ. ಬಲಗಾಲು ಮೆಟ್ಟಿಲ ಮೇಲಿತ್ತು. ಎಡಗಾಲು ಎಲ್ಲಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಅದರ ಸುದ್ದಿ ನನಗೆ ಬರುವುದು ನಿಂತು ಒಂದು ತಾಸಾಗಿತ್ತು!

ತಪ್ಪು ನನ್ನದೇ. ಹೊನ್ನಾಳಿಯಿಂದ ಪಕ್ಕದಲ್ಲೇ ಕೂತು ಬಂದ ಸೋದರಮಾವ ಎಚ್ಚರಿಸಿದ್ದರು. ಮಾವ ಜನ್ಮದಲ್ಲಿ ವಿಮಾನ ಹತ್ತಿದವರಲ್ಲ. ಆದರೆ ವಿಮಾನದಲ್ಲಿ ಕೂರುವ ಬಗೆಯನ್ನು ಅವರಷ್ಟು ಬಲ್ಲವರು ನಮ್ಮ ಕಡೆ ಇರಲಿಲ್ಲ. ವಿಲಾಯಿತಿಗೆ ಹೋಗುವ ವಿಮಾನದಲ್ಲಿ ದಿನಗಟ್ಟಲೆ ಕೂರಬೇಕೆಂದು ಪತ್ರಿಕೆಯಲ್ಲಿ ಓದಿದ್ದೇ ತಡ, ಬಸ್ಸಿನಲ್ಲಿ ಅಭ್ಯಾಸ ಶುರು. ಹಿಮ್ಮಡಿ ಎತ್ತುವುದು, ಪಾದ ತಿರುಗಿಸುವುದು, ಭುಜ ಕುಣಿಸುವುದು, ಗಳಿಗೆಗೊಂದು ಗುಟುಕು ನೀರು. ಹತ್ತಿರದ ನ್ಯಾಮತಿಗೆ ಹೋಗುವಾಗಲೂ ಇದೇ! ಒಮ್ಮೆ ಅತ್ತರು ಮಾರುವ ಸಾಬರೊಬ್ಬರು ತಿರುಗಿ ನೋಡಿದರು.

"ಏನ್ರೀ ಯಜಮಾನ್ರೆ, ಮೈಯಾಗೆ ಇರುವೆ ಹೊಕ್ಕಾವೇನ್ರೀ?"

"ಇಲ್ರೀ ಸಾಬ್ರೆ, ವಿಮಾನಕ್ಕೆ ತಯಾರಿ ಐತ್ರೀ ಇದು."

"ಈ ಬಸ್ಸು ದಿಬ್ಬ ಹತ್ತಾಕೇ ನಾವು ಇಳಿದು ತಳ್ಳಬೇಕು. ನಿಮಗೆ ವಿಮಾನ!"

ಜಗಳೂರಿಗೆ ಹೊರಟಿದ್ದು ನನಗೆ ಹೆಣ್ಣು ನೋಡಲು. ಅದಕ್ಕೆ ಮೊದಲೇ ಎರಡು ಮನೆಯವರು "ಹುಡುಗ ರೋಗಿಷ್ಟನಂಗೆ ಕಾಣ್ತಾನೆ" ಎಂದು ಕೈಬಿಟ್ಟಿದ್ದರು. ಈ ಸಲ ಕೋಟಿನ ಇಸ್ತ್ರಿಯಾದರೂ ಕೆಡಬಾರದೆಂದು ಕಂಬದಂತೆ ಕೂತೆ. ದಿಬ್ಬದಲ್ಲಿ ಎಲ್ಲರೂ ಇಳಿದು ತಳ್ಳಿದರೂ ನಾನು ಇಳಿಯಲಿಲ್ಲ.

"ಕಾಲಾಡಿಸೋ, ಜೋಮು ಹಿಡಿದೀತು."

"ಸುಮ್ಕಿರ್ರಿ ಮಾವ, ಜನ ನಗ್ತಾರೆ."

ಹೆಣ್ಣಿನ ಮನೆ ಬಸ್ಸು ನಿಲ್ಲುವಲ್ಲಿಗೆ ಎದುರೇ. ಹೆಣ್ಣಿನ ತಂದೆ ಕೈಮುಗಿದು ಕಾದಿದ್ದರು. ನಾನು ಮೆಟ್ಟಿಲು ಬಿಟ್ಟೆ. ಅವರ ಪಾದದ ಬುಡದಲ್ಲಿ ಬೋರಲು ಬಿದ್ದೆ.

"ಏನಾತ್ರೀ ಹುಡುಗಗೆ?" ಅವರು ಹಿಂದೆ ಸರಿದರು. ಮೂರನೆಯ ಮನೆಯೂ ಹೋಯಿತೆಂದು ಕಣ್ಣು ಮುಚ್ಚಿದೆ.

ಪಕ್ಕದಲ್ಲಿ ದೊಪ್ಪೆಂದು ಸದ್ದಾಯಿತು. ಗಂಡಿನ ಕಡೆಯ ಹಿರಿಯರು, ಯಾರ ಮುಂದೆಯೂ ತಲೆ ಬಾಗಿಸದ ನನ್ನ ಮಾವ, ಜರಿ ರುಮಾಲಿನ ಸಮೇತ ಧೂಳಿನಲ್ಲಿ ಉದ್ದಕ್ಕೆ ಮಲಗಿದ್ದರು!

"ಏನಿಲ್ರೀ, ಹೆಣ್ಣು ಕೊಡೋರಿಗೆ ಅಡ್ಡಬೀಳೋದು ನಮ್ಮನಿ ಪದ್ಧತಿ," ಎಂದು ಘೋಷಿಸಿ, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಏಳಬ್ಯಾಡ. ಬಿದ್ದಲ್ಲೇ ಹಿಮ್ಮಡಿ ಆಡಿಸು."

ಆಡಿಸಿದೆ. ಕಾಲಿಗೆ ಜೀವ ಬಂತು. ಸಂಬಂಧವೂ ಕುದುರಿತು.

ಮಾವ ವಿಮಾನ ಹತ್ತದೆಯೇ ತೀರಿಹೋದರು. ಹೆಣ್ಣಿನ ತಂದೆಯೂ ಇಲ್ಲ. ಅಂದು ನಾವು ಅಡ್ಡಬಿದ್ದದ್ದನ್ನು ಕಂಡವರಲ್ಲಿ ನನ್ನ ಜೊತೆ ಉಳಿದವಳು ಒಬ್ಬಳೇ, ಆ ಮನೆಯ ಕಿಟಕಿಯಲ್ಲಿ ನಿಂತಿದ್ದ ಹೆಣ್ಣು, ನನ್ನ ಹೆಂಡತಿ ಗಿರಿಜೆ. ಈಗಲೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ನನ್ನ ಮೊಣಕಾಲು ತಟ್ಟುತ್ತಾಳೆ:

"ಹಿಮ್ಮಡಿ ಆಡಿಸ್ರೀ. ಜೊತೆಗೆ ಬೀಳಾಕೆ ಮಾವ ಇಲ್ಲ ಈಗ."