ಒತ್ತಕ್ಷರಪ್ಪನವರ ಹೊಟ್ಟೆಯುರಿ

ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಉತ್ತರ ಎಲ್ಲಕ್ಕಿಂತ ಸರಿಯಾದ ಉತ್ತರವಲ್ಲ. ಎಷ್ಟೋ ಸಲ ಅದು ಆ ಜಾಗಕ್ಕೆ ಬಾಡಿಗೆ ಕಟ್ಟಿ ಕೂತ ಉತ್ತರ. ಫೋನ್ ಹಿಡಿದ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ಒತ್ತಕ್ಷರಪ್ಪನವರಿಗಂತೂ ಗೊತ್ತಿರಲೇಬೇಕಿತ್ತು. ಮೂವತ್ತೆರಡು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ಒಂದು ಒತ್ತಕ್ಷರ ಬಿದ್ದುಹೋಗಿದ್ದರೆ ಶ್ರದ್ಧಾಂಜಲಿಯನ್ನೂ ತಡೆದು ನಿಲ್ಲಿಸುತ್ತಿದ್ದರು, ಸತ್ತವರು ಕಾಯಬೇಕಾಗುತ್ತಿತ್ತು. ಆ ಅಡ್ಡಹೆಸರು ಅಂಟಿಕೊಂಡದ್ದು ಅಲ್ಲೇ.

ಈಗ ಅವರ ಹೊಟ್ಟೆ ಉರಿಯುತ್ತಿತ್ತು. ಎಂಟು ದಿನದಿಂದ, ಯಾರೋ ಒಳಗೆ ಇಸ್ತ್ರಿಪೆಟ್ಟಿಗೆ ಮರೆತು ಹೋದ ಹಾಗೆ. ಬೆಳಿಗ್ಗೆ ಫೋನ್ ತೆಗೆದು, ಒಂದೂ ಕಾಗುಣಿತ ತಪ್ಪದೆ ಬರೆದರು: ‘ಹೊಟ್ಟೆಯುರಿಗೆ ಪರಿಹಾರ’.

‘ಇತರರ ಏಳಿಗೆ ಸಹಿಸಲಾಗುತ್ತಿಲ್ಲವೇ?’ ಎಂದಿತು ಫೋನ್. ‘ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ, ನಿಮಗಿಂತ ಮುಂದಿರುವವರಿಗೆ ಒಳಿತು ಬಯಸಿ.’

“ಲೇ, ಬಾರೇ ಇಲ್ಲಿ! ನಾನು ಹೊಟ್ಟೆ ಬಗ್ಗೆ ಕೇಳಿದ್ರೆ ಇದು ನನ್ನ ನಡತೆ ಬಗ್ಗೆ ಹೇಳ್ತಿದೆ!”

“ಒಂದೊಂದ್ಸಲ ನಿಜಾನೂ ಹೇಳುತ್ತೆ ಕಣ್ರೀ,” ಎಂದರು ಹೆಂಡತಿ ಅಡುಗೆಮನೆಯಿಂದ.

ಪದ ಬಿಡಿಸಿ ‘ಹೊಟ್ಟೆಯಲ್ಲಿ ಉರಿ’ ಎಂದು ಬರೆದರು. ಈ ಸಲ ಮೂರನೇ ಸಾಲಿಗೇ ಕ್ಯಾನ್ಸರ್, ಐದನೇ ಸಾಲಿಗೆ ಉಯಿಲು ಬರೆಯುವುದು ಹೇಗೆ ಎಂಬ ಮಾರ್ಗದರ್ಶನ. ಒತ್ತಕ್ಷರಪ್ಪನವರು ಕುರ್ಚಿಗೆ ಒರಗಿದರು.

“ಲೇ, ನನ್ನ ಕಥೆ ಮುಗೀತು.”

“ಮುಗಿಯೋಕೆ ಮುಂಚೆ ಆ ಬಟ್ಟೆ ಒಣಗಹಾಕಿ,” ಎನ್ನುತ್ತಲೇ ಆಕೆ ಕೈ ಒರೆಸಿಕೊಂಡು ಬಂದರು.

ಆಕೆ ಟೆಲಿಫೋನ್ ಕಚೇರಿಯ ವಿಚಾರಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕಿವಿಗೆ ಹೆಡ್‌ಫೋನ್ ಏರಿಸಿ ಕೂತವರು. ಯಾರ ನಂಬರ್ ಬೇಕಾದರೂ ಊರಿಗೆ ಊರೇ ಅವರನ್ನು ಕೇಳುತ್ತಿತ್ತು. ‘ಡಾಕ್ಟರ್ ನಂಬರ್ ಕೊಡಿ’ ಎಂದವರಿಗೆ ಆಕೆ ಮೊದಲು ಕೊಡುತ್ತಿದ್ದದ್ದು ಪ್ರಶ್ನೆ: ‘ಮಗುಗಾ, ದೊಡ್ಡೋರಿಗಾ? ಏನಾಗಿದೆ? ಯಾವಾಗಿಂದ?’ ಮೇಜಿನ ಮೇಲೆ ಮೂರು ಪುಸ್ತಕ. ಎಲ್ಲರ ಹೆಸರಿದ್ದ ಬಿಳಿ ಪುಟಗಳು. ಕಾಸು ಕೊಟ್ಟವರು ದಪ್ಪಕ್ಷರದಲ್ಲಿ ಮೆರೆಯುತ್ತಿದ್ದ ಹಳದಿ ಪುಟಗಳು. ಮೂರನೆಯದು ಆಕೆಯೇ ಬರೆದಿಟ್ಟ ಕಪ್ಪು ರಟ್ಟಿನ ನೋಟುಪುಸ್ತಕ: ಆಸ್ಪತ್ರೆ, ರಕ್ತನಿಧಿ, ಆಂಬುಲೆನ್ಸ್. ತಿಂಗಳಿಗೊಮ್ಮೆ ಒಂದೊಂದಕ್ಕೂ ತಾವೇ ಫೋನ್ ಮಾಡಿ, ಎತ್ತಿದವರ ಹೆಸರು ಕೇಳಿ, ಪಕ್ಕದಲ್ಲಿ ತಾರೀಖು ಹಾಕುತ್ತಿದ್ದರು. ಪ್ರಾಣದ ವಿಷಯಕ್ಕೆ ಹಳದಿ ಪುಟ ತಿರುವಿದ ಹೊಸಬರಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಒತ್ತಕ್ಷರಪ್ಪನವರು ಸಿಕ್ಕಿದ್ದೂ ಆ ತಂತಿಯಲ್ಲೇ. ಡೈರೆಕ್ಟರಿಯಲ್ಲಿ ಹನ್ನೊಂದು ಮುದ್ರಣದೋಷ ಇವೆ ಎಂದು ದೂರಲು ಫೋನ್ ಮಾಡಿದ್ದರು. ‘ನಿಮಗೆ ನಂಬರ್ ಬೇಕಾ ಸಾರ್, ತಪ್ಪು ಬೇಕಾ?’ ಎಂದಿತ್ತು ಆ ಕಡೆಯ ದನಿ. ಅವರಿಗೆ ಆ ದನಿಯೇ ಬೇಕಾಯಿತು. (ಹನ್ನೊಂದು ದೋಷಗಳನ್ನು ದಿನಕ್ಕೊಂದರಂತೆ ಹನ್ನೊಂದು ದಿನ ಹೇಳಿದರು.)

ಈಗ ಅದೇ ದನಿ ಎದುರಿಗೆ ಕೂತು ಕೇಳಿತು. “ಯಾವಾಗಿಂದ? ಊಟಕ್ಕೆ ಮುಂಚೆನಾ, ಆಮೇಲಾ? ಹೊಸದಾಗಿ ಹೊಟ್ಟೆಗೆ ಏನು ಹಾಕ್ಕೊಂಡ್ರಿ?”

“ಏನಿಲ್ಲ.”

“ಸಾರ್, ಸರಿಯಾಗಿ ಹೇಳಿ. ಲೈನ್‌ನಲ್ಲಿ ಬೇರೆಯವರು ಕಾಯ್ತಿದ್ದಾರೆ.”

ಒತ್ತಕ್ಷರಪ್ಪನವರು ಎದ್ದು ನಿಘಂಟಿನ ಹಿಂದೆ ಅಡಗಿಸಿಟ್ಟಿದ್ದ ಡಬ್ಬಿ ತಂದಿಟ್ಟರು. ಮಂಡಿನೋವಿನ ಮಾತ್ರೆ. ಹಿಂದಿನ ತಿಂಗಳು ಅವರ ಷಡ್ಡಕರು ಬಂದಿದ್ದರು. ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವರು, ಮೆಟ್ಟಿಲನ್ನು ಮಾತ್ರ ಎರಡೆರಡು ದಾಟಿಕೊಂಡು ಹತ್ತಿದ್ದರು. ಮೇಲೆ ನಿಂತು ಎಲ್ಲರೆದುರು, “ಏನ್ರೀ, ನಿಮ್ಮ ಮಂಡಿ ಮುಷ್ಕರ ಹೂಡಿದೆಯಾ?” ಎಂದಿದ್ದರು. ಅಂದೇ ಒತ್ತಕ್ಷರಪ್ಪನವರು ‘ಮಂಡಿನೋವಿಗೆ ತಕ್ಷಣ ಪರಿಹಾರ’ ಎಂದು ಹುಡುಕಿ, ಮೊದಲು ಬಂದದ್ದನ್ನೇ ತರಿಸಿಕೊಂಡರು. ದಿನಕ್ಕೆ ಮೂರು, ಖಾಲಿ ಹೊಟ್ಟೆಗೆ.

ಆಕೆ ಕನ್ನಡಕ ಏರಿಸಿ ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರು. ಫೋನ್ ಕಸಿದುಕೊಂಡು, ವೈದ್ಯರು ತಮ್ಮ ಸಂಶೋಧನೆ ಹುಡುಕುವ ಬೇರೆಯದೇ ತಾಣ ತೆರೆದು, ಮಾತ್ರೆಯೊಳಗಿನ ಮದ್ದಿನ ಹೆಸರು ಹಾಕಿದರು.

“ಬಸ್ಸಿನ ಟೈಮಿಗೆ ನಿಮ್ಮ ಆ ಹುಡುಕಾಟ ಸಾಕು ಕಣ್ರೀ, ಹೊಟ್ಟೆಗೆ ಇದು ಬೇಕು. ನೋಡಿ, ಬರೆದೋರ ಹೆಸರಿದೆ, ತಾರೀಖಿದೆ, ಎಷ್ಟು ಜನರನ್ನ ನೋಡಿ ಬರೆದ್ರು ಅಂತ ಇದೆ. ಯಾರು ದುಡ್ಡು ಕೊಟ್ರು ಅನ್ನೋದನ್ನೂ ಮುಚ್ಚಿಟ್ಟಿಲ್ಲ.” ಎರಡು ಸಾಲು ಓದಿ ಆಕೆಯ ನಗು ನಿಂತಿತು. “ರೀ, ಕಕ್ಕಸಿಗೆ ಕಪ್ಪಗೆ ಹೋಗ್ತಿದೆಯಾ?”

ಒತ್ತಕ್ಷರಪ್ಪನವರು ಹೌದೆಂದು ತಲೆಯಾಡಿಸಿದರು.

“ಚಪ್ಪಲಿ ಹಾಕ್ಕೊಳ್ಳಿ.”

“ಈಗಲೇನಾ?”

“ಈಗಲೇ.”

ಆಟೋದಲ್ಲಿ ಆಕೆ ಅವರ ಕೈ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಒಸರುತ್ತಿತ್ತು. “ಇನ್ನೊಂದು ವಾರ ನುಂಗಿದ್ರೆ ಬಾಟಲಿಗಟ್ಟಲೆ ರಕ್ತ ಕೊಡಬೇಕಾಗ್ತಿತ್ತು,” ಎಂದರು ಡಾಕ್ಟರಮ್ಮ ಕಟುವಾಗಿ. “ಯಾತಕ್ಕೆ ತಗೊಂಡ್ರಿ ಇದನ್ನ?”

“ಹೊಟ್ಟೆಯುರಿಗೆ ಡಾಕ್ಟ್ರೇ,” ಎಂದರು ಹೆಂಡತಿ.

“ಹೊಟ್ಟೆಯುರಿ ಬಂದಿದ್ದು ಮಾತ್ರೆ ತಗೊಂಡ ಮೇಲೆ ಅಲ್ವಾ?”

“ಇಲ್ಲ ಡಾಕ್ಟ್ರೇ. ಅದೇ ಮೊದಲು ಬಂದಿದ್ದು.”

ನಾಲ್ಕು ದಿನ ಮಲಗಿದ್ದು ಮನೆಗೆ ಬಂದ ಮೇಲೆ, ಒತ್ತಕ್ಷರಪ್ಪನವರು ಭೂತಗನ್ನಡಿ ಹಿಡಿದು ಆ ಮಾತ್ರೆಯ ಪುಟವನ್ನು ಮತ್ತೆ ಹುಡುಕಿದರು. ಮೊದಲ ಉತ್ತರದ ನೆತ್ತಿಯ ಮೇಲೆ, ಇರುವೆಗಿಂತ ಸಣ್ಣಗೆ ಒಂದು ಪದವಿತ್ತು: ‘ಪ್ರಾಯೋಜಿತ’. ಒತ್ತು ಸರಿಯಾಗಿಯೇ ಇತ್ತು, ದೀರ್ಘವೂ ಸರಿಯಾಗಿತ್ತು. ಅದಕ್ಕೇ ಅವರ ಕಣ್ಣಿಗೆ ಬಿದ್ದಿರಲಿಲ್ಲ. ತಪ್ಪಿದ್ದರೆ ತಾನೇ ಅವರಿಗೆ ಕಾಣುವುದು!

“ಲೇ, ನಿನ್ನ ಆ ಕಪ್ಪು ನೋಟುಪುಸ್ತಕ ಇನ್ನೂ ಇದೆಯೇನೇ?”

“ನಿಮಗೆ ನಂಬರ್ ಬೇಕಾ ಸಾರ್, ತಪ್ಪು ಬೇಕಾ?” ಎಂದಿತು ಅಡುಗೆಮನೆಯಿಂದ ದನಿ.

ನೀವು ನಗುತ್ತಿದ್ದೀರಿ. ನಗು ಸಾಕು. ನಿಮ್ಮ ಫೋನ್ ತೆಗೆಯಿರಿ. ಕಳೆದ ಸಲ ಯಾವ ನೋವಿಗೆ ಏನು ಓದಿ ಏನು ನುಂಗಿದಿರೋ, ಆ ಪುಟವನ್ನು ಈಗಲೇ ತೆರೆಯಿರಿ. ಬರೆದವರು ಯಾರು, ಬರೆದದ್ದು ಯಾವಾಗ, ಅದರ ನೆತ್ತಿಯ ಮೇಲೆ ಇರುವೆಯಷ್ಟು ಸಣ್ಣ ಪದವಿದೆಯೇ, ನೋಡಿ. ಹೆಸರಿಲ್ಲದಿದ್ದರೆ ಫೋನ್ ಮುಚ್ಚಿಡಿ. ‘ಯಾವಾಗಿಂದ?’ ಎಂದು ನಿಮ್ಮನ್ನು ತಿರುಗಿ ಕೇಳುವ ಡಾಕ್ಟರ ಬಳಿಗೆ ನಡೆಯಿರಿ.