ರೊಟ್ಟಿ ಇರೋತನ ಸಮುದ್ರ

ಮನಿ ಬಿಟ್ಟು ಹೊರಗ ಹೋದ್ರ ನಮಗ ಏನರ ಒಂದು ಆಗದೇ ಇರೂದಿಲ್ಲ. ಈ ಸಲ ಹುಮನಾಬಾದಿನಿಂದ ಅಳಿಯನ ಗಾಡಿ ಹತ್ತಿ ಕಾರವಾರಕ್ಕ ಹೋದ್ವಿ. ಅಲ್ಲಿಂದ ಮುಂದ ಸಮುದ್ರದ ದಂಡಿ ಹಿಡಿದು ತಿರುಗೂದು. ಗಾಡ್ಯಾಗ ಅಳಿಯ, ಮಗಳು, ನಾನು, ನಮ್ಮ ಮನಿಯವರು.

ಕರಾರು

ಹೊರಡೂಕಿಂತ ಮೊದಲೇ ಮನಿಯವರು ಹೇಳಿಬಿಟ್ಟಿದ್ರು: "ನನಗ ಅನ್ನ ಆಗಿಬರಂಗಿಲ್ಲ. ರೊಟ್ಟಿ ಇರೋತನ ತಿರುಗೂನು. ಮುಗೀತಂದ್ರ ಗಾಡಿ ವಾಪಸ್."

ನನಗ ಮುರುಡೇಶ್ವರ ನೋಡೂ ಆಸೆ ಎಷ್ಟೋ ವರ್ಷದ್ದು. ಅದಕ್ಕ ಕಡಕ್ ರೊಟ್ಟಿ ಬಡಿದು ಬಡಿದು ಡಿಕ್ಕಿ ತುಂಬಿಸಿದೆ. ಅಳಿಯ ಬಂದು ನೋಡಿದ.

"ಅತ್ತೇರ, ನನ್ನ ಅರಿವಿ ಬ್ಯಾಗ್ ಎಲ್ಲಿಡ್ಲಿ?"

"ಎಲ್ಲಾ ಮೈಮ್ಯಾಲೇ ಹಾಕ್ಕೊಂಡು ಬರ್ರಿ" ಅಂದೆ.

ಸಮುದ್ರ ಕಂಡಾಗ

ಕಾರವಾರದಾಗ ಮನಿಯವರು ನೀರು ನೋಡಿ ಬಾಯಿ ತೆರೆದು ನಿಂತ್ರು. "ಇಷ್ಟು ನೀರು ಇಟ್ಕೊಂಡು ಒಬ್ಬರೂ ಕಬ್ಬು ಹಚ್ಚಿಲ್ಲಲ್ಲ!"

"ಉಪ್ಪುನೀರ್ರಿ ಮಾವಾರ."

ನಂಬಲಿಲ್ಲ. ಬೊಗಸಿ ತುಂಬ ಕುಡಿದು, ಥೂ ಅಂತ ಉಗುಳಿದ್ರು. "ಸುಮ್ನ ಬಿಟ್ಟಾರಂದ್ರ ಏನೋ ಖೋಟಾ ಇರಬೇಕಂತ ನನಗ ಮೊದಲೇ ಗೊತ್ತಿತ್ತು."

ಮೆತ್ತಗಾದದ್ದು

ಮರುದಿನ ಅಂಕೋಲಾದ ಹತ್ರ ರೊಟ್ಟಿ ಚೀಲ ಬಿಚ್ಚಿದೆ. ನಮ್ಮ ಕಡೆ ತಿಂಗಳಾದ್ರೂ ಹಪ್ಪಳದಂಗ ಮುರಿಯೂ ರೊಟ್ಟಿ, ಇಲ್ಲಿ ಸಮುದ್ರದ ಹಸಿ ಗಾಳಿಗೆ ಜೋತುಬಿದ್ದಿದ್ವು. ಮನಿಯವರು ಒಂದನ್ನ ಎತ್ತಿ ನನ್ನ ಮಾರಿ ಮುಂದ ಅಲ್ಲಾಡಿಸಿದ್ರು.

"ಇದನ್ನ ತಿನ್ನಬೇಕೋ, ಹೊದ್ಕೋಬೇಕೋ? ಅಳಿಯಾರ, ಗಾಡಿ ತಿರುಗಸ್ರಿ!"

ಹೊಲದ ಮೀನು

"ಜರಾ ಬಿಸಿಲಿಗೆ ಹಾಕಿ ನೋಡತೀನಿ, ತಡೀರಿ" ಅಂತ ಬೇಡ್ಕೊಂಡೆ. ದಂಡಿ ಮ್ಯಾಲ ಹೆಣ್ಣಮಕ್ಕಳು ಚಾಪಿ ಹಾಸಿ ಮೀನು ಒಣಗಸಾಕತ್ತಿದ್ರು. ಮನಿಯವರು ಗಾಡ್ಯಾಗ ನಿದ್ದಿ ಹೊಡೆಯೂದ್ರಾಗ ಆ ಹೆಣ್ಣಮಕ್ಕಳ ಮಗ್ಗಲಕ್ಕೇ ನನ್ನದೊಂದು ಸೀರಿ ಹಾಸಿ ರೊಟ್ಟಿ ಹರವಿದೆ. ಒಬ್ಬಾಕಿ ಬಗ್ಗಿ ನೋಡಿದ್ಲು.

"ಇದೆಂತ ಮೀನು ಅಮ್ಮಾ? ತಲೆ ಇಲ್ಲ, ಬಾಲ ಇಲ್ಲ!"

"ಹುಮನಾಬಾದ್ ಮೀನವ್ವ. ಹೊಲದಾಗ ಬೆಳೀತಾವ."

ಮಧ್ಯಾಹ್ನದೊಳಗ ರೊಟ್ಟಿ ಮತ್ತ ಕಟಂ ಕಟಂ ಅಂದ್ವು. ಆದ್ರ ಮೀನಿನ ವಾಸನಿ! ಮನಿಯವರು ಹುಟ್ಟಿದಾಗಿಂದ ಮೀನು ಮುಟ್ಟಿದವರಲ್ಲ. ಒಂದು ತುಂಡು ಬಾಯಾಗ ಇಟ್ಕೊಂಡ್ರು. ನಾವು ಮೂವರೂ ಅವರ ಮಾರಿನೇ ನೋಡ್ಕೋತ ಕುಂತ್ವಿ. ಅಗಿದ್ರು. ಕಣ್ಣು ಮುಚ್ಚಿದ್ರು. ಮತ್ತೊಂದು ಮುರಿದ್ರು.

"ಏನ್ ಹಾಕೀದಿ ಇದಕ್ಕ?"

"ಏನಿಲ್ರಿ, ಇಲ್ಲಿ ಗಾಳಿ ಹತ್ತೇದ" ಅಂದೆ. ಮಗಳು ಸೆರಗು ಬಾಯಾಗ ತುರುಕ್ಕೊಂಡ್ಲು.

ಮನಿಯವರು ಅಳಿಯನ ಕಡೆ ತಿರುಗಿದ್ರು. "ವಾಪಸ್ ಬ್ಯಾಡ್ರಿ, ಮುಂದ ನಡೀರಿ. ಇಂಥಾ ಗಾಳಿ ಎಲ್ಲೆಲ್ಲಿ ಬರ್ತದ ಅಲ್ಲೆಲ್ಲಾ ಗಾಡಿ ನಿಲ್ಲಸ್ರಿ. ಉಳಿದ ರೊಟ್ಟಿನೂ ಹರವೂನು!"